ಹಳೆಯ ಸಣ್ಣ ಕಾರಿಗೆ ಹೆದ್ದಾರಿಯಲ್ಲಿ ಮೈಲೇಜು ಬರುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಮೈಲೇಜು ಇಳಿದ ಕೂಡಲೇ ಪ್ಲಗ್, ಏರ್ ಫಿಲ್ಟರ್, ಟ್ಯಾಂಕಿಗೆ ಸುರಿಯುವ ಕ್ಲೀನರ್ ಎಂದು ಒಂದೊಂದಾಗಿ ಬದಲಿಸುತ್ತ ಹೋಗುವುದು ರೂಢಿ. ದುಡ್ಡು ಖರ್ಚಾಗುತ್ತದೆ, ಮೈಲೇಜು ಇದ್ದಲ್ಲೇ ಇರುತ್ತದೆ. ಹೆದ್ದಾರಿಯಲ್ಲಿ ಪೆಟ್ರೋಲ್ ಹೆಚ್ಚು ಖರ್ಚಾಗಲು ಇರುವುದು ಎರಡೇ ದಾರಿ. ಒಂದೋ ಕಾರು ಸಲೀಸಾಗಿ ಉರುಳುತ್ತಿಲ್ಲ, ಇಲ್ಲವೇ ಅಷ್ಟೇ ಕೆಲಸಕ್ಕೆ ಎಂಜಿನ್ ಹೆಚ್ಚು ಕುಡಿಯುತ್ತಿದೆ. ಎರಡರಲ್ಲಿ ಯಾವುದೆಂದು ಮೊದಲು ಬೇರ್ಪಡಿಸಿ. ಸ್ಪ್ಯಾನರ್ ಹಿಡಿಯುವುದು ಆಮೇಲೆ. ಇಲ್ಲಿ ಹೇಳಿರುವುದು 1.0 ರಿಂದ 1.6 ಲೀಟರಿನ ಪೆಟ್ರೋಲ್ ಎಂಜಿನ್ ಇರುವ, ಸುಮಾರು 1,100 ಕೆಜಿ ತೂಕದ ಹಳೆಯ ಕಾರುಗಳಿಗೆ ಹೊಂದುತ್ತದೆ.

ಲೆಕ್ಕವೇ ತಪ್ಪಿರಬಹುದು

ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಂಬಬೇಡಿ. ಟ್ಯಾಂಕ್ ತುಂಬಿಸಿ, ನಳಿಕೆ ಮೊದಲ ಸಲ ತಾನಾಗಿ ನಿಂತಾಗ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಪಂಪಿನಲ್ಲಿ, ಕಾರು ಅದೇ ಮುಖಕ್ಕೆ ನಿಂತಿರುವಾಗ, ಮತ್ತೆ ಮೊದಲ ಸಲ ನಿಲ್ಲುವವರೆಗೆ ತುಂಬಿಸಿ ಭಾಗಿಸಿ. 30 ಲೀಟರಿನಲ್ಲಿ ಒಂದು ಲೀಟರ್ ಆಚೀಚೆ ಆದರೂ ಶೇ 3ಕ್ಕಿಂತ ಹೆಚ್ಚು ತಪ್ಪು ಬರುತ್ತದೆ. ಹಾಗಾಗಿ ಎರಡು ಮೂರು ಟ್ಯಾಂಕಿನ ಸರಾಸರಿ ಬೇಕೇ ಬೇಕು.

ಟೈರಿನ ಅಳತೆ ಬದಲಾಗಿದೆಯೇ ನೋಡಿ. 165/65 ಆರ್14 ಇದ್ದ ಜಾಗಕ್ಕೆ 185/65 ಆರ್14 ಹಾಕಿದರೆ ಟೈರಿನ ವ್ಯಾಸ ಸುಮಾರು ಶೇ 4.6 ಹೆಚ್ಚುತ್ತದೆ. ಓಡೋಮೀಟರ್ ಅಷ್ಟು ಕಡಿಮೆ ಕಿಲೋಮೀಟರ್ ಎಣಿಸುತ್ತದೆ. ಯಾವ ದೋಷವೂ ಇಲ್ಲದೆ ಮೈಲೇಜು ಬಿದ್ದಂತೆ ಕಾಣುತ್ತದೆ. ಜಿಪಿಎಸ್ ಹಿಡಿದು 50 ಕಿ.ಮೀ. ಓಡಿಸಿದರೆ ಈ ಅನುಮಾನ ಬಗೆಹರಿಯುತ್ತದೆ. ಇಂಧನವೂ ಬದಲಾಗಿರಬಹುದು. ಶೇ 10 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ 3ರಷ್ಟು ಕಡಿಮೆ ಶಕ್ತಿ ಇರುತ್ತದೆ. ಎಥನಾಲ್ ಪ್ರಮಾಣ ಏರಿದಂತೆ ಈ ಕೊರತೆಯೂ ಏರುತ್ತದೆ.

ಇನ್ನೊಂದು, ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಇಂಥ ಕಾರನ್ನು ಗಂಟೆಗೆ 90 ಕಿ.ಮೀ.ನಲ್ಲಿ ಓಡಿಸಲು ಚಕ್ರಗಳಿಗೆ ಸುಮಾರು 9.6 ಕಿಲೋವ್ಯಾಟ್ ಸಾಕು. 110ಕ್ಕೆ ಏರಿಸಿದರೆ 15.6 ಕಿಲೋವ್ಯಾಟ್ ಬೇಕು. ಅಂದರೆ ಪ್ರತಿ ಕಿಲೋಮೀಟರಿಗೆ ಬೇಕಾಗುವ ಶಕ್ತಿ ಮೂರನೇ ಒಂದು ಪಾಲು ಹೆಚ್ಚಾಯಿತು. ಹೊರೆ ಏರಿದಾಗ ಎಂಜಿನ್ನಿನ ದಕ್ಷತೆಯೂ ಸ್ವಲ್ಪ ಏರುವುದರಿಂದ ಪೆಟ್ರೋಲ್ ಖರ್ಚು ಪೂರ್ತಿ ಅಷ್ಟು ಹೆಚ್ಚುವುದಿಲ್ಲ. ಆದರೂ ರಸ್ತೆ ಅಗಲವಾದ ಮೇಲೆ ಮೈಲೇಜು ಬಿತ್ತು ಎನ್ನುವವರ ಕಾರಿನಲ್ಲಿ ಬಹುಪಾಲು ದೋಷವೇ ಇರುವುದಿಲ್ಲ. ಹಳೆಯ ಲೆಕ್ಕ ಯಾವ ವೇಗದ್ದು, ಹೊಸದು ಯಾವ ವೇಗದ್ದು ಎಂದು ಕೇಳಿ ತಿಳಿದುಕೊಳ್ಳಿ.

ಲೆಕ್ಕ ಸರಿಯಿದ್ದರೆ ಮುಂದಿನ ಪ್ರಶ್ನೆ: ಮೈಲೇಜು ಬಿದ್ದಿರುವುದು ಹೆದ್ದಾರಿಯಲ್ಲಿ ಮಾತ್ರವೋ, ಊರೊಳಗೂ ಉಂಟೋ? ಹೆದ್ದಾರಿಯಲ್ಲಿ ಮಾತ್ರ ಬಿದ್ದಿದ್ದರೆ ಗಾಳಿ ತಡೆ, ಬ್ರೇಕ್ ಹಿಡಿತ (ಕಾಲು ತೆಗೆದ ಮೇಲೂ ಬ್ರೇಕ್ ಚಕ್ರವನ್ನು ಹಿಡಿದೇ ಇರುವುದು), ಟಾರ್ಕ್ ಕನ್ವರ್ಟರ್ ಲಾಕ್ (ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಕ್ಲಚ್), ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ), ವ್ಯಾಕ್ಯೂಮ್ ಅಡ್ವಾನ್ಸ್ (ಹಗುರ ಹೊರೆಯಲ್ಲಿ ಕಿಡಿ ಮುಂಚೆ ಬರುವಂತೆ ಮಾಡುವ ಭಾಗ) ಇವುಗಳ ಮೇಲೆ ಗುಮಾನಿ ಇಡಿ. ಎರಡೂ ಕಡೆ ಬಿದ್ದಿದ್ದರೆ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ ಮಿಶ್ರಣ ಹೇಳುವುದು), ಇಂಧನ ಒತ್ತಡ, ಇಗ್ನಿಷನ್ ಕಡೆಗೆ ತಿರುಗಿ.

ಕಾರು ಉರುಳುತ್ತಿದೆಯೇ?

ಸಮತಟ್ಟಾದ, ವಾಹನಗಳಿಲ್ಲದ ನೇರ ರಸ್ತೆ ಹುಡುಕಿ. ಗಾಳಿ ಬೀಸದ ಹೊತ್ತಾಗಿರಲಿ. ಟೈರುಗಳಿಗೆ ಸರಿಯಾದ ಗಾಳಿ ತುಂಬಿ, 20 ನಿಮಿಷ ಓಡಿಸಿ ಎಲ್ಲವನ್ನೂ ಬಿಸಿ ಮಾಡಿಕೊಳ್ಳಿ. 85ಕ್ಕೆ ಏರಿಸಿ, ನ್ಯೂಟ್ರಲ್‌ಗೆ ಹಾಕಿ, 80ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಪಕ್ಕದಲ್ಲಿ ಕುಳಿತವರು ಎಣಿಸಲಿ. ಎಂಜಿನ್ ಚಾಲೂ ಇರಬೇಕು. ಆಫ್ ಮಾಡಿದರೆ ಬ್ರೇಕ್ ಬೂಸ್ಟರ್, ಸ್ಟೀರಿಂಗ್ ಎರಡೂ ಕೈಕೊಡುತ್ತವೆ. ಅದೇ ಜಾಗದಲ್ಲಿ ಎದುರು ದಿಕ್ಕಿಗೂ ಓಡಿಸಿ, ಎರಡರ ಸರಾಸರಿ ತೆಗೆಯಿರಿ. ಇದನ್ನು ಬಿಡುವಂತಿಲ್ಲ. ಕಣ್ಣಿಗೆ ಕಾಣದ ಶೇ 1ರ ಇಳಿಜಾರು ಕೂಡ 1,100 ಕೆಜಿ ಕಾರನ್ನು ಸುಮಾರು 108 ನ್ಯೂಟನ್ ಬಲದಿಂದ ತಳ್ಳುತ್ತದೆ. ಆ ವೇಗದಲ್ಲಿ ಕಾರಿಗೆ ಇರುವ ಒಟ್ಟು ತಡೆಯಲ್ಲಿ ಇದು ಮೂರನೇ ಒಂದು ಪಾಲು.

ಆರೋಗ್ಯವಾಗಿರುವ ಸಣ್ಣ ಕಾರಿಗೆ ಸುಮಾರು 20 ಸೆಕೆಂಡ್ ಹಿಡಿಯುತ್ತದೆ. 16–17ಕ್ಕೆ ಇಳಿದಿದ್ದರೆ ಏನೋ ಹಿಡಿದುಕೊಂಡಿದೆ ಎಂದೇ ಅರ್ಥ. ಇದು ಒರಟು ಪರೀಕ್ಷೆ, ಸಣ್ಣ ಹಿಡಿತ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಆ ಸಣ್ಣ ಹಿಡಿತವನ್ನು ಶಾಖ ತೋರಿಸಿಕೊಡುತ್ತದೆ.

ಬ್ರೇಕ್ ಹಿಡಿತ

ಹತ್ತು ವರ್ಷ ದಾಟಿದ ಕಾರಿನಲ್ಲಿ ನಾವು ಮೊದಲು ನೋಡಬೇಕಾದ ಜಾಗ ಇದೇ. ಚಾಲಕನ ಅರಿವಿಗೇ ಬಾರದ 50 ನ್ಯೂಟನ್ ಹಿಡಿತ 90ರ ವೇಗದಲ್ಲಿ 1.25 ಕಿಲೋವ್ಯಾಟ್ ತಿನ್ನುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಶೇ 13. ಅಷ್ಟೂ ಶಕ್ತಿ ಒಂದೇ ಚಕ್ರದಲ್ಲಿ ಶಾಖವಾಗುವುದರಿಂದ ಪತ್ತೆ ಹಚ್ಚುವುದು ಸುಲಭ.

20 ಕಿ.ಮೀ. ಹೆದ್ದಾರಿಯಲ್ಲಿ ಓಡಿಸಿ. ಕೊನೆಯ ಒಂದೆರಡು ಕಿಲೋಮೀಟರ್ ಬ್ರೇಕ್ ಮುಟ್ಟದೆ, ವೇಗ ತಾನಾಗಿ ಇಳಿಯಲು ಬಿಟ್ಟು ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಚಕ್ರಗಳ ಹಬ್ ಭಾಗ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಹಿಡಿದರೆ ಆ ಉಪಕರಣ ಕಡಿಮೆ ತೋರಿಸುತ್ತದೆ. ತುಕ್ಕು ಅಥವಾ ಬಣ್ಣ ಇರುವ ಜಾಗಕ್ಕೆ ಗುರಿಯಿಡಿ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬಿಸಿಯಿರುವುದು ಸಹಜ. ಆದರೆ ಒಂದೇ ಆಕ್ಸಲಿನ ಎಡಕ್ಕೂ ಬಲಕ್ಕೂ 20 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಸಿಯಾದ ಕಡೆ ದೋಷ ಇದೆ. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯನ್ನು ರಿಮ್ಮಿನ ಹತ್ತಿರ ತಂದರೆ ಸಾಕು, ಮುಟ್ಟಬೇಡಿ.

ಆ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟು, ಬೇರೆ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಈ ಕ್ರಮದಲ್ಲಿ ಹೋಗಿ:

1. ಬ್ಲೀಡರ್ ನಿಪ್ಪಲ್ (ಚಕ್ರದ ಬ್ರೇಕಿನಿಂದ ಎಣ್ಣೆ, ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಅರ್ಧ ಸುತ್ತು ಸಡಿಲಿಸಿ. ಆಗಲೂ ಚಕ್ರ ಬಿಗಿಯಾಗಿಯೇ ಇದ್ದರೆ ದೋಷ ಪ್ಯಾಡ್ ಒತ್ತುವ ಕ್ಯಾಲಿಪರಿನದು. ಸ್ಲೈಡ್ ಪಿನ್ ಒಣಗಿದೆ, ಅಥವಾ ಪಿಸ್ಟನ್ ತುಕ್ಕು ಹಿಡಿದಿದೆ.
2. ನಿಪ್ಪಲ್ ಸಡಿಲಿಸಿದ ಕೂಡಲೇ ಚಕ್ರ ಸಲೀಸಾದರೆ ಒತ್ತಡ ಒಳಗೇ ಉಳಿದಿದೆ ಎಂದಾಯಿತು. ನಿಪ್ಪಲ್ ಮುಚ್ಚಿ, ಬ್ರೇಕ್ ಒತ್ತಿ ಬಿಟ್ಟು, ಈ ಸಲ ಮಾಸ್ಟರ್ ಸಿಲಿಂಡರಿನ ಪೈಪ್ ಜೋಡಣೆ ಸಡಿಲಿಸಿ.
3. ಅಲ್ಲಿ ಬಿಟ್ಟಾಗ ಚಕ್ರ ಸಲೀಸಾದರೆ ಒತ್ತಡ ಮಾಸ್ಟರ್ ಸಿಲಿಂಡರಿನಲ್ಲೇ ನಿಂತಿದೆ. ಪೆಡಲಿಗೆ ಆಟ ಇಲ್ಲದಿದ್ದರೆ ಬ್ರೇಕ್ ಎಣ್ಣೆ ವಾಪಸು ಹೋಗುವ ರಂಧ್ರ ತೆರೆಯುವುದೇ ಇಲ್ಲ. ಅಲ್ಲಿ ಬಿಟ್ಟರೂ ಸಲೀಸಾಗದೆ ನಿಪ್ಪಲಿನಲ್ಲಿ ಬಿಟ್ಟಾಗ ಮಾತ್ರ ಆದರೆ ರಬ್ಬರ್ ಹೋಸ್ ಒಳಗೇ ಊದಿ ಮುಚ್ಚಿಕೊಂಡಿದೆ. ಹೊರಗಿನಿಂದ ನೋಡಿದರೆ ಆ ಹೋಸ್ ಹೊಸದರಂತೆಯೇ ಇರುತ್ತದೆ.

ಕೆಲಸ ಮುಗಿದ ಮೇಲೆ ಬ್ರೇಕ್ ಪೈಪುಗಳಿಂದ ಗಾಳಿ ತೆಗೆಯದೆ ಕಾರು ರಸ್ತೆಗೆ ಇಳಿಸಬೇಡಿ. ಸ್ಲೈಡ್ ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ರಬ್ಬರನ್ನು ಊದಿಸುತ್ತದೆ, ಕೆಲವೇ ತಿಂಗಳಲ್ಲಿ ಪಿನ್ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ವಾಪಸು ಬರದಿರುವುದೇ ಸಾಮಾನ್ಯ ಕಾರಣ. ಡ್ರಮ್ ಬಿಚ್ಚಿ ಷೂ ಪಕ್ಕದ ಲಿವರ್ ತನ್ನ ನಿಲುಗಡೆಗೆ ಮುಟ್ಟುತ್ತಿದೆಯೇ ನೋಡಿದರೆ ಗೊತ್ತಾಗುತ್ತದೆ.

ಬ್ರೇಕ್ ಸರಿಯಿದ್ದೂ ಹಬ್ ಬಿಸಿಯಾಗುತ್ತಿದ್ದರೆ ವೀಲ್ ಬೇರಿಂಗ್. ಚಕ್ರ ತಿರುಗಿಸುತ್ತ ಸ್ಪ್ರಿಂಗಿನ ಮೇಲೆ ಕೈಯಿಟ್ಟರೆ ಒರಟು ನಡುಕ ಕೈಗೆ ಸಿಗುತ್ತದೆ.

ಟೈರು, ಅಲೈನ್‌ಮೆಂಟ್, ಗಾಳಿ ತಡೆ

ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿದೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದನ್ನು ತುಂಬಬೇಡಿ. ನಾಲ್ಕೂ ಟೈರಿನಲ್ಲಿ ಸರಾಸರಿ 1 ಪಿಎಸ್‌ಐ ಇಳಿದರೆ ಮೈಲೇಜು ಶೇ 0.2ರಷ್ಟು ಮಾತ್ರ ಇಳಿಯುತ್ತದೆ. ಹಾಗಾಗಿ 5 ಪಿಎಸ್‌ಐ ಕೊರತೆ ತುಂಬಿದರೆ ಸಿಗುವುದು ಶೇ 1. ಟೈರು ಉಳಿಯಲು, ಸುರಕ್ಷತೆಗೆ ಇದು ಬೇಕೇ ಬೇಕು; ಆದರೆ ಶೇ 15 ಮೈಲೇಜು ಕಾಣೆಯಾಗಿದ್ದರೆ ಕಾರಣ ಇದಲ್ಲ.

ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖಮಾಡಿರುವ ಕೋನ) ಕೆಟ್ಟಿದ್ದರೆ ಚಕ್ರ ಉರುಳುವ ಬದಲು ಸ್ವಲ್ಪ ಸ್ವಲ್ಪವೇ ಎಳೆದುಕೊಂಡು ಹೋಗುತ್ತದೆ. ಟೈರಿನ ಮೇಲೆ ಅಂಗೈ ಅಡ್ಡಡ್ಡ ಸವರಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಅಲೈನ್‌ಮೆಂಟ್ ಮಾಡಿಸಿ. ಅದಕ್ಕೆ ಮೊದಲು ಟೈ ರಾಡ್ ತುದಿಗಳಲ್ಲಿ ಆಟ ಇದೆಯೇ ನೋಡಿಕೊಳ್ಳಿ. ಆಟ ಇದ್ದಾಗ ಮಾಡಿಸಿದ ಅಲೈನ್‌ಮೆಂಟ್ ಮೊದಲ ಗುಂಡಿಗೇ ಹೋಗುತ್ತದೆ.

ಛಾವಣಿಯ ಮೇಲಿನ ಕ್ಯಾರಿಯರ್ ಖಾಲಿಯಿದ್ದರೂ ಗಾಳಿಗೆ ತಡೆಯೇ. ಮೊಂಡು ಮುಖದ ದೊಡ್ಡ ಪೆಟ್ಟಿಗೆ ಕಟ್ಟಿದರಂತೂ ಹೆದ್ದಾರಿ ವೇಗದಲ್ಲಿ ಶೇ 10ರಿಂದ 25ರವರೆಗೆ ಹೊಡೆತ ಬೀಳಬಹುದು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಕಳಚಿ ಜೋತಾಡುತ್ತಿದ್ದರೆ ಮತ್ತೆ ಬಿಗಿಯಿರಿ.

ಗೇರ್‌ಬಾಕ್ಸ್

ಆಟೋಮ್ಯಾಟಿಕ್ ಕಾರಿನಲ್ಲಿ ಟಾರ್ಕ್ ಕನ್ವರ್ಟರ್ ಲಾಕ್ ಆಗದಿದ್ದರೆ ಹೆದ್ದಾರಿ ಮೈಲೇಜು ಮಾತ್ರ ಬೀಳುತ್ತದೆ, ಓಡಿಸುವವರಿಗೆ ಬೇರೇನೂ ತಿಳಿಯುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೇಲಿನ ಗೇರಿನಲ್ಲಿ 80–90ರ ಸ್ಥಿರ ವೇಗ ಹಿಡಿಯಿರಿ. ಬಲಗಾಲನ್ನು ಎಕ್ಸಲರೇಟರಿನಲ್ಲಿ ಅಲುಗಿಸದೆ, ಎಡಗಾಲಿನಿಂದ ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಪೆಡಲ್ ತಾಗಿಸಿ. ಹಿಂದೆ ಯಾವ ವಾಹನವೂ ಇರಬಾರದು. ಆರ್‌ಪಿಎಂ 200–400 ಏರಿ, ಕಾಲು ತೆಗೆದ ಮೇಲೆ ಮತ್ತೆ ಇಳಿದರೆ ಲಾಕ್ ಕೆಲಸ ಮಾಡುತ್ತಿದೆ. ಏನೂ ಬದಲಾಗದಿದ್ದರೆ ಲಾಕ್ ಆಗಿಯೇ ಇರಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಎರಡು ಅಗ್ಗದ ಕಾರಣಗಳನ್ನು ತಳ್ಳಿಹಾಕಿ. ಬ್ರೇಕ್ ಲೈಟ್ ಸ್ವಿಚ್ ಜಾಗ ತಪ್ಪಿ ಸದಾ ಆನ್ ಆಗಿದ್ದರೆ, ಬ್ರೇಕ್ ಒತ್ತಿದೆ ಎಂದು ಕಂಪ್ಯೂಟರ್ ಲಾಕ್ ಬಿಟ್ಟುಬಿಡುತ್ತದೆ. ಕೂಲಂಟ್ ಬಿಸಿಯಾಗದಿದ್ದರೂ ಲಾಕ್ ಮಾಡುವುದಿಲ್ಲ.

ಮ್ಯಾನುಯಲ್ ಕಾರಿನಲ್ಲಿ ಮೇಲಿನ ಗೇರಿನಲ್ಲಿ 60ರಿಂದ ಪೂರ್ತಿ ಎಕ್ಸಲರೇಟರ್ ಒತ್ತಿ ನೋಡಿ. ಆರ್‌ಪಿಎಂ ಮಾತ್ರ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಥರ್ಮೋಸ್ಟಾಟ್

ಎಂಜಿನ್ ಕಡೆಯಲ್ಲಿ ಮೊದಲ ಗುಮಾನಿ ಇದರ ಮೇಲೆ. ತೆರೆದೇ ಉಳಿದರೆ ಎಂಜಿನ್ ತಣ್ಣಗಿರುತ್ತದೆ. ಎಂಜಿನ್ ಇನ್ನೂ ಬಿಸಿಯಾಗುತ್ತಿದೆ ಎಂದೇ ತಿಳಿದು ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಹೆಚ್ಚು ಕೊಡುತ್ತಲೇ ಹೋಗುತ್ತದೆ, ಎಣ್ಣೆಯೂ ಮಂದವಾಗಿಯೇ ಉಳಿಯುತ್ತದೆ. ಟ್ರಾಫಿಕ್ಕಿನಲ್ಲಿ ಸರಿಯಾಗಿದ್ದ ಟೆಂಪರೇಚರ್ ಮುಳ್ಳು ಹೆದ್ದಾರಿಗೆ ಬಂದು ರೇಡಿಯೇಟರಿಗೆ ಗಾಳಿ ಬಡಿದ ಕೂಡಲೇ ಇಳಿದರೆ ಬೇರೆ ಸಾಕ್ಷಿ ಬೇಡ.

ಬೆಳಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಥರ್ಮೋಸ್ಟಾಟ್ ಸರಿಯಿದ್ದರೆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲ ನಿಮಿಷಗಳಿಂದಲೇ ಎಂಜಿನ್ ಜೊತೆಜೊತೆಗೆ ಬೆಚ್ಚಗಾಗುತ್ತ ಬಂದರೆ ಅದು ತೆರೆದೇ ಇದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸಿನ ಕಡೆ ಇರುತ್ತದೆ, ಅಲ್ಲಿ ಕೆಳಗಿನದನ್ನು ನೋಡಬೇಕು. ಸ್ಕ್ಯಾನರಿನಲ್ಲಿ (ಇಸಿಯುನಲ್ಲಿರುವ ಅಂಕಿ, ದೋಷದ ಕೋಡ್ ಓದುವ ಉಪಕರಣ) 15 ನಿಮಿಷದ ಓಟದ ನಂತರ 85–95 ಡಿಗ್ರಿ ಕಾಣಬೇಕು. 75 ದಾಟದಿದ್ದರೆ ಬದಲಿಸಿ. ಪಿ0128 ಕೋಡ್ ಬಂದಿದ್ದರೂ ಇದೇ ಸೂಚನೆ.

ಬಿಚ್ಚಿದಾಗ ಜಾಗ ಖಾಲಿಯಿದ್ದರೆ ಆಶ್ಚರ್ಯವಿಲ್ಲ. ಕಾರು ಬಿಸಿಯಾಗುತ್ತದೆ ಎಂದು ಹಿಂದೆ ಯಾರೋ ಥರ್ಮೋಸ್ಟಾಟನ್ನೇ ಕಿತ್ತು ಎಸೆದಿರುತ್ತಾರೆ. ಹಾಗಿದ್ದರೆ ಆಗ ಬಿಸಿಯಾಗುತ್ತಿದ್ದ ಕಾರಣ ಇನ್ನೂ ಒಳಗಿರಬಹುದು, ರೇಡಿಯೇಟರನ್ನೂ ನೋಡಿ. ಹೊಸದನ್ನು ಹಾಕುವ ಮೊದಲು ದಾರದಲ್ಲಿ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಮೈಮೇಲೆ ಕೆತ್ತಿರುವ 82 ಅಥವಾ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು, ಇನ್ನೂ 10–15 ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು. ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಮೇಲಕ್ಕೆ ಬರುವಂತೆ ಕೂರಿಸಿ, ಗಾಳಿ ಹೊರಹೋಗುವುದು ಅಲ್ಲಿಂದಲೇ.

ಮುಳ್ಳು ಸರಿಯಾಗಿದ್ದೂ ಸ್ಕ್ಯಾನರಿನಲ್ಲಿ ತಣ್ಣಗೆ ತೋರಿಸಿದರೆ ಇಸಿಯುಗೆ ಹೇಳುವ ಕೂಲಂಟ್ ಸೆನ್ಸರ್ ಕೆಟ್ಟಿದೆ. ಹಲವು ಕಾರುಗಳಲ್ಲಿ ಮುಳ್ಳಿಗೆ ಬೇರೆ, ಇಸಿಯುಗೆ ಬೇರೆ ಸೆನ್ಸರ್ ಇರುತ್ತದೆ. ಸಾಮಾನ್ಯವಾಗಿ ಇದು 20 ಡಿಗ್ರಿಯಲ್ಲಿ 2–3 ಕಿಲೋಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರಬೇಕು.

ಸ್ಕ್ಯಾನರ್ ಹೇಳುವುದನ್ನು ಓದುವ ಬಗೆ

ಓಬಿಡಿ ಸಾಕೆಟ್ (ಸ್ಕ್ಯಾನರ್ ಚುಚ್ಚುವ ಜಾಗ) ಇದ್ದರೆ ಕೋಡ್ ನೋಡಿ ಬಿಟ್ಟುಬಿಡಬೇಡಿ. ಕೋಡ್ ಇಲ್ಲದೆಯೂ ಮೈಲೇಜು ಬೀಳುತ್ತದೆ. ನೋಡಬೇಕಾದ್ದು ಇಂಧನ ತಿದ್ದುಪಡಿಯ (ಫ್ಯೂಯೆಲ್ ಟ್ರಿಮ್) ಶೇಕಡಾವಾರು, ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು (ಧನ) ಅಥವಾ ಕಡಿಮೆ (ಋಣ) ಕೊಡುತ್ತಿದೆ ಎಂಬುದು. ಅಲ್ಪಾವಧಿ, ದೀರ್ಘಾವಧಿ ಎರಡನ್ನೂ ಕೂಡಿಸಿ. ಮೊತ್ತ ಶೇ 5ರ ಒಳಗೆ ಆಚೀಚೆ ಇದ್ದರೆ ಸರಿ, 10 ದಾಟಿದರೆ ಕಾರಣ ಹುಡುಕಬೇಕು. ಐಡಲ್‌ನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಮ್ಮೆ ಬರೆದುಕೊಳ್ಳಿ.

ಐಡಲ್‌ನಲ್ಲಿ ಧನ, ಆರ್‌ಪಿಎಂ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ವ್ಯಾಕ್ಯೂಮ್ ಸೋರಿಕೆ, ಅಂದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ. ಐಡಲ್‌ನಲ್ಲಿ ಸರಿ, ಹೊರೆ ಏರಿದಂತೆ ಧನವೂ ಏರಿದರೆ ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿಗೆ ಕೊಳೆ ಅಥವಾ ಪೆಟ್ರೋಲ್ ಪಂಪಿನ ಒತ್ತಡ ಸಾಲದು. ಎಲ್ಲ ಕಡೆ ಋಣವಾಗಿದ್ದರೆ ಎಲ್ಲಿಂದಲೋ ಹೆಚ್ಚುವರಿ ಪೆಟ್ರೋಲ್ ಬರುತ್ತಿದೆ. ಇಂಧನ ಒತ್ತಡದ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಎಳೆದು ನೋಡಿ: ಒಳಗೆ ಪೆಟ್ರೋಲ್ ತೇವ ಇದ್ದರೆ ಅದರ ಡಯಾಫ್ರಮ್ ಹರಿದಿದೆ. ಇಲ್ಲದಿದ್ದರೆ ಸೋರುವ ಇಂಜೆಕ್ಟರ್, ಅಥವಾ ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಕವಾಟ).

ಇಲ್ಲೊಂದು ಸೂಕ್ಷ್ಮವಿದೆ. ಆಕ್ಸಿಜನ್ ಸೆನ್ಸರ್ ಸರಿಯಾಗಿದ್ದು ಇಸಿಯು ತಿದ್ದಿಕೊಳ್ಳುತ್ತಿದ್ದರೆ ಈ ದೋಷಗಳು ಮೈಲೇಜನ್ನು ಅಷ್ಟಾಗಿ ಕೆಡಿಸುವುದಿಲ್ಲ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಕೊನೆಗೆ ತೂಕದಲ್ಲಿ 14.7ಕ್ಕೆ 1ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಮೈಲೇಜು ನಿಜವಾಗಿ ಹಾಳಾಗುವುದು ಸೆನ್ಸರೇ ಸುಳ್ಳು ಹೇಳಿದಾಗ. ಹಳೆಯ ಜಿರ್ಕೋನಿಯಾ ಸೆನ್ಸರ್ ಎಂಜಿನ್ ಬಿಸಿಯಿರುವಾಗ 2,500 ಆರ್‌ಪಿಎಂನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಓಲಾಡಬೇಕು. ಕೆಳಗಿನ ವೋಲ್ಟೇಜಿನಲ್ಲೇ ಸಿಕ್ಕಿಹಾಕಿಕೊಂಡರೆ ಮಿಶ್ರಣ ತೆಳುವಾಗಿದೆ ಎಂದು ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಆಗ ತಿದ್ದುಪಡಿ ಧನವಾಗಿರುತ್ತದೆ, ಪ್ಲಗ್ ಮಾತ್ರ ಮಸಿ ಕಪ್ಪು. ಈ ಎರಡೂ ಒಟ್ಟಿಗೆ ಕಂಡರೆ ಸೆನ್ಸರಿನ ಮಾತು ನಂಬಬೇಡಿ.

ಆದರೆ ಸೆನ್ಸರ್ ಬದಲಿಸಲು ಅವಸರವೂ ಬೇಡ. ಸೆನ್ಸರಿಗೆ ಮುಂಚೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಅಥವಾ ಗ್ಯಾಸ್ಕೆಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಇದೇ ಸುಳ್ಳು ಹುಟ್ಟುತ್ತದೆ. ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಶಬ್ದ ಬಂದು, ಬಿಸಿಯಾದ ಮೇಲೆ ನಿಂತರೆ ಅಲ್ಲಿ ಹುಡುಕಿ. ಮಿಸ್‌ಫೈರ್ ಕೂಡ ಹೀಗೆಯೇ. ಉರಿಯದ ಸಿಲಿಂಡರಿನ ಆಕ್ಸಿಜನ್ ಸೆನ್ಸರಿಗೆ ತಾಗಿ, ಪೆಟ್ರೋಲ್ ಕಡಿಮೆಯಾಗಿದೆ ಎಂಬ ಅರ್ಥ ಕೊಡುತ್ತದೆ. ಪ್ಲಗ್ಗುಗಳ ಅಂತರ ಕೈಪಿಡಿಯಂತೆ ಇದೆಯೇ, ಹೈಟೆನ್ಷನ್ ವೈರುಗಳಿಂದ ಕತ್ತಲೆಯಲ್ಲಿ ಕಿಡಿ ಹಾರುತ್ತಿದೆಯೇ ನೋಡಿ.

ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಇರುವ ಕಾರು

ಇವುಗಳಲ್ಲಿ ಹೆದ್ದಾರಿ ಮೈಲೇಜಿನ ಜೀವಾಳ ವ್ಯಾಕ್ಯೂಮ್ ಅಡ್ವಾನ್ಸ್. ಹಗುರ ಹೊರೆಯಲ್ಲಿ ಮಿಶ್ರಣ ನಿಧಾನ ಉರಿಯುತ್ತದೆ. ಆದ್ದರಿಂದ ಕಿಡಿ ಇನ್ನೂ 10–20 ಡಿಗ್ರಿ ಮುಂಚೆ ಬರಬೇಕು. ಅದರ ಡಯಾಫ್ರಮ್ ಹರಿದರೆ ಪಿಕಪ್ ಹಾಗೇ ಇರುತ್ತದೆ, ಸ್ಟಾರ್ಟಿಂಗ್ ಹಾಗೇ ಇರುತ್ತದೆ, ಸ್ಥಿರ ವೇಗದ ಮೈಲೇಜು ಮಾತ್ರ ಹೋಗುತ್ತದೆ. ಹೋಸ್ ಬಿಚ್ಚಿ ಕೈ ಪಂಪಿನಿಂದ ಎಳೆಯಿರಿ. ಡಿಸ್ಟ್ರಿಬ್ಯೂಟರಿನ ಒಳತಟ್ಟೆ ಸರಿಯಬೇಕು, ಸರಿದಲ್ಲೇ ನಿಲ್ಲಬೇಕು. ನಂತರ ಹೋಸ್ ಬಿಚ್ಚಿ ತುದಿ ಮುಚ್ಚಿ, ಟೈಮಿಂಗ್ ಲೈಟಿನಲ್ಲಿ ಮೂಲ ಟೈಮಿಂಗ್ ಹೊಂದಿಸಿ. ಆರ್‌ಪಿಎಂ ಏರಿಸಿದಾಗ ಗುರುತು ಮುಂದೆ ಸರಿಯದಿದ್ದರೆ ಆರ್‌ಪಿಎಂಗೆ ತಕ್ಕಂತೆ ಕಿಡಿಯನ್ನು ಮುಂಚೆ ತರುವ ಒಳಗಿನ ತೂಕಗಳು ತುಕ್ಕು ಹಿಡಿದಿವೆ. ಚೋಕ್ ಪೂರ್ತಿ ತೆರೆಯುತ್ತಿದೆಯೇ, ಫ್ಲೋಟ್ ಮಟ್ಟ ಹೆಚ್ಚಾಗಿದೆಯೇ ಎಂಬುದನ್ನೂ ನೋಡಿ.

ಉಳಿದವು

ಇಷ್ಟರಲ್ಲೂ ಸಿಗದಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಸಮುದ್ರ ಮಟ್ಟದಲ್ಲಿ ಐಡಲ್‌ನಲ್ಲಿ ಪಾದರಸದ 17–21 ಇಂಚು ಅಲುಗದೆ ನಿಲ್ಲಬೇಕು. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಿರಿ. ಮುಳ್ಳು ಸ್ಥಿರವಾಗಿದ್ದು ಮೂರು ನಾಲ್ಕು ಇಂಚು ಕಡಿಮೆಯಿದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿರಬಹುದು. 2,500ರಲ್ಲಿ ಹಿಡಿದಿಟ್ಟಾಗ ನಿಧಾನವಾಗಿ ಬೀಳುತ್ತ ಹೋದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದೆ. ಆಕ್ಸಿಜನ್ ಸೆನ್ಸರಿನ ರಂಧ್ರಕ್ಕೆ ಪ್ರೆಷರ್ ಗೇಜ್ ಹಾಕಿದಾಗ 2,500ರಲ್ಲಿ 3 ಪಿಎಸ್‌ಐ ಮೀರಿದರೆ ಅದು ಖಚಿತ. ಕಂಪ್ರೆಷನ್ ಕೊನೆಗೆ ನೋಡಿ. ಅತಿ ಕಡಿಮೆಯ ಸಿಲಿಂಡರ್ ಅತಿ ಹೆಚ್ಚಿನದರ ಶೇ 75ಕ್ಕಿಂತ ಕೆಳಗಿದ್ದರೆ ಎಂಜಿನ್ ಕೆಲಸವೇ ಬೇಕು.

ಏರ್ ಫಿಲ್ಟರಿನ ವಿಷಯ: ಇಂಧನ ಇಂಜೆಕ್ಷನ್ ಇರುವ ಕಾರಿನಲ್ಲಿ ಫಿಲ್ಟರ್ ಕಟ್ಟಿದರೆ ಪಿಕಪ್ ಕುಗ್ಗುತ್ತದೆ, ಮೈಲೇಜು ಅಷ್ಟಾಗಿ ಬದಲಾಗದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿ ಕಂಡುಕೊಂಡದ್ದೂ ಇದನ್ನೇ. ಎಂಜಿನ್ ಉಳಿಯಲಿ ಎಂದು ಬದಲಿಸಿ, ಮೈಲೇಜಿಗಾಗಿ ಅಲ್ಲ. ಎಣ್ಣೆ ಮಾತ್ರ ಕೈಪಿಡಿ ಹೇಳಿದ ದಪ್ಪದ್ದೇ ಇರಲಿ. ಹಳೆಯ ಎಂಜಿನ್ ಎಂದು ದಪ್ಪ ಎಣ್ಣೆ ಹಾಕಿದರೆ ಶೇ 1–2 ಅಲ್ಲೇ ಹೋಗುತ್ತದೆ.

ಒಂದು ಸಲಕ್ಕೆ ಒಂದೇ ದೋಷ ಸರಿಪಡಿಸಿ. ಸೆನ್ಸರ್ ಅಥವಾ ಸೋರಿಕೆಯ ಕೆಲಸವಾಗಿದ್ದರೆ ಇಸಿಯು ನೆನಪಿನಲ್ಲಿರುವ ಹಳೆಯ ತಿದ್ದುಪಡಿಯನ್ನು ಸ್ಕ್ಯಾನರಿನಿಂದ ಅಳಿಸಿ. ಅದು ಹೊಸದಾಗಿ ಕಲಿಯಲು ಮೊದಲ ಟ್ಯಾಂಕ್ ಬಿಟ್ಟು, ಎರಡನೆಯ ಮತ್ತು ಮೂರನೆಯ ಟ್ಯಾಂಕುಗಳನ್ನು ಹಿಂದಿನ ದಾರಿ, ಹಿಂದಿನ ವೇಗದಲ್ಲೇ ಖಾಲಿ ಮಾಡಿ ಲೆಕ್ಕ ಹಾಕಿ.